ಕೌದಿಯ ಮೂಲೆಯ ನಾಲ್ಕು ಅಕ್ಷರ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತು ಎದ್ದಿದ್ದೇನೆ. ಒಮ್ಮೆ ಕನ್ನಡಕದ ಕಾಲು ಮುರಿದಿದೆ ಎಂದುಕೊಂಡೆ. ಇನ್ನೊಮ್ಮೆ ಭತ್ತದ ಕೊಯ್ಲು ಮುಗಿಯಲಿ ಎಂದೆ. ಕನ್ನಡಕ ರಿಪೇರಿಯಾಗಿ ಬಂತು, ಕೊಯ್ಲೂ ಮುಗಿಯಿತು, ಮತ್ತೆ ಬಿತ್ತುವ ದಿನಗಳೂ ಬಂದವು. ಹೇಳುವುದು ಮಾತ್ರ ಹಾಗೇ ಉಳಿಯಿತು. ಈಗ ನನಗೆ ಅರವತ್ತೆಂಟು. ಎದೆಯ ಒಂದು ಕಡೆ ಸದಾ ಏನೋ ಹಿಡಿದಂತಿರುತ್ತದೆ. ಹಳಿಯಾಳದ ಡಾಕ್ಟರು ಅದು ಹೃದಯದ ತೊಂದರೆ ಅಲ್ಲ ಎಂದಿದ್ದಾರೆ. ಅಲ್ಲವೆಂದು ನನಗೂ ಗೊತ್ತು.

ನಮ್ಮೂರು ಹಳಿಯಾಳದಿಂದ ಬಸ್ಸಿನಲ್ಲಿ ಅರ್ಧ ತಾಸು. ನಮ್ಮದು ಸಿದ್ದಿಗಳ ಓಣಿ. ಅಲ್ಲಿ ನನ್ನ ವಾರಿಗೆಯವರ ಪೈಕಿ ಹತ್ತನೆಯ ತರಗತಿ ಪಾಸಾದವನು ನಾನೊಬ್ಬನೇ. ಅದರ ಬಲದ ಮೇಲೆ ದಾಂಡೇಲಿಯ ಗಿರಣಿಯೊಂದರ ಸ್ಟೋರಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಬೇರಿಂಗು, ಬೆಲ್ಟು, ಕಪ್ಲಿಂಗು, ವಾಲ್ವು, ಎಲ್ಲಕ್ಕೂ ಉದ್ದುದ್ದ ನಂಬರು ಇರುತ್ತಿತ್ತು. ಪೂರ್ತಿ ಓದುತ್ತ ಕೂತರೆ ದಿನ ಸಾಲದು. ಕೊನೆಯ ನಾಲ್ಕು ಅಂಕಿ ಹೊಂದಿಸಿ ನೋಡಿ ಸಾಮಾನು ಕೊಡುವುದು ನಮ್ಮ ಪದ್ಧತಿ. ಮೂವತ್ತು ವರ್ಷದಲ್ಲಿ ಒಂದೇ ಒಂದು ತಪ್ಪು ಸಾಮಾನು ನನ್ನ ಕೈಯಿಂದ ಹೊರಗೆ ಹೋಗಲಿಲ್ಲ. ಇದನ್ನು ಯಾರು ಕೇಳಲಿ ಬಿಡಲಿ ನಾನು ಹೇಳುತ್ತಿದ್ದೆ. ಓಣಿಯ ಹೆಂಗಸರು ನನ್ನನ್ನು ‘ಸ್ಟೋರ್ ಸಾಹೇಬ್ರು’ ಎಂದು ಕಾಡಿಸುತ್ತಿದ್ದುದು ಅದಕ್ಕೇ.

ನಮ್ಮ ಹೆಂಗಸರು ಕೌದಿ ಹೊಲಿಯುತ್ತಾರೆ. ಹಳೆಯ ಸೀರೆ, ಅಂಗಿ, ಲುಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ, ನೆಲದ ಮೇಲೆ ಅದರ ಮೇಲೇ ಕುಳಿತು, ಅಂಚಿನಿಂದ ಒಳಗೆ ಹೊಲಿಯುತ್ತ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಚಿ ಮಾಡಿದ ನಾಲ್ಕು ಹೂ ಕೂರಿಸಬೇಕು. ಹೂ ಇಲ್ಲದ ಕೌದಿ ಬತ್ತಲೆ ಎಂದು ನಮ್ಮಲ್ಲಿ ಹೇಳುತ್ತಾರೆ. ಈ ಕೆಲಸದಲ್ಲಿ ನನ್ನ ವೈನಿಯದು ಎಲ್ಲರೂ ಒಪ್ಪಿದ ಕೈ. ವೈನಿ ಎಂದರೆ ತೀರಿಹೋದ ನನ್ನ ಅಣ್ಣನ ಹೆಂಡತಿ. ನಾನು ಏಳನೆಯ ತರಗತಿಯಲ್ಲಿದ್ದಾಗ ಮನೆಗೆ ಬಂದವರು. ಹೈಸ್ಕೂಲಿಗೆ ನಾನು ಹೊತ್ತೊಯ್ದ ಪುಸ್ತಕದ ಚೀಲವೂ ಅವರ ಹೊಲಿಗೆಯೇ. ಅವರು ಹೊಲಿದದ್ದನ್ನು ಬಿಚ್ಚಿದ್ದನ್ನು ಯಾರೂ ನೋಡಿರಲಿಲ್ಲ. ಹಾಗೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವ ಚಟ ನನ್ನದು.

ಕೌದಿ ಕೊಳ್ಳಲು ಬರುವ ವ್ಯಾಪಾರಿಗಳು ಅದರ ಮೇಲಿನ ಹೊಲಿದವರ ಹೆಸರಿನ ಚೀಟಿ ಕಿತ್ತು, ಬೇರೆಲ್ಲೋ ಬೇರೆಯವರ ಹೆಸರಿನಲ್ಲಿ ಮಾರುತ್ತಿದ್ದರು. ಇದನ್ನು ತಡೆಯಲು ಒಂದು ಸಣ್ಣ ತಂಡ ವೆಬ್‌ಸೈಟು ಮಾಡಿತು. ಅದರ ಪ್ರೋಗ್ರಾಮು ಬರೆದವಳು ಗಣೇಶಗುಡಿಯಲ್ಲಿ ಕೋಣೆ ಹಿಡಿದು ಕೆಲಸ ಮಾಡುತ್ತಿದ್ದ ಧಾರವಾಡದ ಹುಡುಗಿ. ಸ್ಕೂಟಿಯ ಮೇಲೆ ನಮ್ಮೂರಿಗೆ ಬಂದು ಸಮುದಾಯ ಭವನದಲ್ಲಿ ಎಲ್ಲರನ್ನೂ ಕೂರಿಸಿ ತಿಳಿಸಿದಳು. ಪ್ರತಿ ಕೌದಿಯ ಫೋಟೊ, ಅದನ್ನು ಹೊಲಿದವರ ಸಹಿಯೊಂದಿಗೆ, ಬ್ಲಾಕ್‌ಚೈನ್ ಎಂಬ ದಾಖಲೆಯಲ್ಲಿ ಸೇರುತ್ತದೆ. ಅದರ ಪ್ರತಿ ಅನೇಕ ಕಂಪ್ಯೂಟರುಗಳಲ್ಲಿ ಇರುವುದರಿಂದ ಒಮ್ಮೆ ಸೇರಿದ್ದನ್ನು ಯಾರೂ ಅಳಿಸಲಾರರು. ಸಹಿ ಇರುವುದು ಫೋನಿನೊಳಗಿನ ವಾಲೆಟ್ಟಿನಲ್ಲಿ. ಹೆಂಗಸರ ಹತ್ತಿರ ಅಂಥ ಫೋನಿಲ್ಲದ್ದರಿಂದ ಎಲ್ಲ ಹತ್ತೊಂಬತ್ತು ಮಂದಿಯ ಅಕೌಂಟುಗಳನ್ನೂ ತಂಡ ಕೊಟ್ಟ ಒಂದೇ ಫೋನಿನಲ್ಲಿ ಇಟ್ಟು, ಅದನ್ನು ನನ್ನ ಕೈಗೆ ಕೊಟ್ಟರು.

“ಕಾಕಾ, ವಾಲೆಟ್ ಅಂದ್ರ ರೊಕ್ಕದ ಚೀಲ ಅಂತ ತಿಳೀಬ್ಯಾಡ್ರಿ, ಇದು ಸಹಿ ಇಡೂ ಪೆಟಗಿ” ಎಂದಳು ಹುಡುಗಿ. “ವೆಬ್‌ಸೈಟಿಗೂ ಇದಕ್ಕೂ ನಡುವ ಜೋಡಸಾಕ ಒಂದು ಲೈಬ್ರರಿ ಹಾಕೇನಿ.”

“ಲೈಬ್ರರಿ ಅಂದ್ರ ಪುಸ್ತಕ ಇಡೂ ಜಾಗಾ ಅಲ್ಲೇನು ತಂಗಿ?”

“ಇದು ಬ್ಯಾರೆ ರೀ. ಮಂದಿ ಬರದು ಇಟ್ಟ ಪ್ರೋಗ್ರಾಮ್. ಎಲ್ಲಾ ನಾನ ಬರಕೋತ ಕುಂತ್ರ ವರ್ಷ ಹಿಡೀತೈತಿ. ತಯಾರ ಇದ್ದದ್ದು ತಂದು ಕೂಡಸೇನಿ.”

“ಹಂಗಾರ ಕಪ್ಲಿಂಗ್ ಅನ್ನು. ಇತ್ತಾಗ ಮೋಟಾರು, ಅತ್ತಾಗ ಪಂಪು.”

ಅವಳು ನಕ್ಕಳು. “ಬರೋಬ್ಬರಿ ಹೇಳಿದ್ರಿ. ಆದ್ರ ಒಂದ್ ನೆನಪಿಡ್ರಿ. ನಿಮಗ ಯಾವ ಮೋಟಾರ್ ಬೇಕಾಗಿತ್ತು ಅಂತ ಕಪ್ಲಿಂಗಿಗೆ ತಿಳಿಯಂಗಿಲ್ಲ. ಯಾವುದಕ್ಕ ಬಿಗದೀರಿ, ಅದನ್ನ ತಿರಗಸ್ತೈತಿ. ಒಬ್ಬಾಕಿ ಸಹಿ ಆದ ಮ್ಯಾಲ ಜೋಡಣಿ ತಗದ ಬಿಡ್ರಿ. ಆಮ್ಯಾಲ ಇನ್ನೊಬ್ಬಾಕಿ ಅಕೌಂಟ್ ಜೋಡಸ್ರಿ. ವಾಲೆಟ್ಟಿನ್ಯಾಗ ಹೆಸರು ಬದಲಿ ಮಾಡಿದ್ರ ಸಾಲಂಗಿಲ್ಲ. ಪುಟದ ಮೂಲ್ಯಾಗ ಅಕೌಂಟಿನ ಉದ್ದನ್ನ ನಂಬರಿನ ಕೊನೀ ನಾಕು ಅಕ್ಷರ ಕಾಣತಾವಲ್ಲ, ಅವನ್ನ ನೋಡಿನ ಒತ್ತಬೇಕು.”

ಕೊನೆಯ ನಾಲ್ಕು! ನನಗೆ ಹೇಳಿಕೊಡಬೇಕೇ ಎಂದು ಅನ್ನಿಸಿತು.

ಪ್ರತಿಯೊಬ್ಬ ಹೆಂಗಸಿಗೂ ಅವಳ ಅಕೌಂಟಿನ ಕೊನೆಯ ನಾಲ್ಕು ಅಕ್ಷರಗಳನ್ನು ದೊಡ್ಡದಾಗಿ ಬರೆದ ಒಂದು ಕಾರ್ಡು ಕೊಟ್ಟರು. ಅದನ್ನು ನೋಡಿಕೊಂಡು ಒಂದು ಮೂಲೆಯ ಹೂವಿನ ಕೆಳಗೆ ಗುರುತು ಹೊಲಿಯಬೇಕು. ಕೊಳ್ಳುವವರು ಹೂ ಎತ್ತಿ ನೋಡಿ, ವೆಬ್‌ಸೈಟಿನೊಂದಿಗೆ ಹೋಲಿಸುತ್ತಾರೆ. ಗುರುತು ಬಿಚ್ಚಿ ಬೇರೆ ಹಾಕಿದ್ದು ಕಂಡರೆ ಆ ಕೌದಿಯನ್ನು ತೆಗೆದುಕೊಳ್ಳುವಂತಿಲ್ಲ, ಅದು ಕದ್ದ ಮಾಲು ಎಂದು ಲೆಕ್ಕ. ಈ ನಿಯಮವನ್ನು ಸಭೆಯಲ್ಲಿ ಎದ್ದು ನಿಂತು ಓದಿ ಹೇಳಿದವನು ನಾನು.

ವೈನಿಗೆ ಓದಲು ಬರುವುದಿಲ್ಲ. ಅವರ ಗುರುತು ಏಳು, ಇಂಗ್ಲಿಷಿನ ಸಿ, ಸೊನ್ನೆ, ನಾಲ್ಕು. ಕಾರ್ಡನ್ನು ದೂರ ಹಿಡಿದು ನೋಡಿ ಅವರೇ ಹೆಸರಿಟ್ಟರು. “ಇದು ಕುಡಗೋಲು. ಇದು ಚಂದ್ರಾಮ. ಇದು ಬಳಿ. ಇದೇನೊ ತಮ್ಮಾ, ಕುರ್ಚಿ ತೆಳಗ ಮ್ಯಾಲ ಮಾಡಿ ಇಟ್ಟಂಗೈತಿ?”

“ಅದು ನಾಕು, ವೈನಿ.”

“ಇರವಲ್ದ್ಯಾಕ. ನಾ ಕುರ್ಚಿ ಅಂತೇನಿ.” ಆಮೇಲೆ ಫೋನಿನ ಕಡೆ ಬೆರಳು ಮಾಡಿ, “ಹತ್ತೊಂಬತ್ತು ಮಂದಿನ್ನ ಅದರ ಹೊಟ್ಟಿಯೊಳಗ ತುಂಬೀದಿ. ಉಸರು ಕಟ್ಟೂದಿಲ್ಲೇನು ನಮಗ?” ಎಂದು ಕೇಳಿ ಎಲ್ಲರನ್ನೂ ನಗಿಸಿದರು.

ಮೊದಲ ಕೆಲವು ತಿಂಗಳು ನಾನು ನಿಯಮದಂತೆಯೇ ನಡೆದೆ. ನಮ್ಮೂರಲ್ಲಿ ಸಿಗ್ನಲ್ ಬರುವುದು ಸಾಲೆಯ ಹಿಂದಿನ ದಿಬ್ಬದ ಮೇಲೆ ಮಾತ್ರ. ಜೋಡಣೆ ತೆಗೆದು ಮತ್ತೆ ಜೋಡಿಸಲು ಒಂದೊಂದು ಸಲ ಐದು ನಿಮಿಷ ಹಿಡಿಯುತ್ತಿತ್ತು. ತೆರೆಯ ಮೇಲೆ ಸುತ್ತುವ ಚಕ್ರ ನೋಡುತ್ತ ನಿಲ್ಲಬೇಕು. ಆದರೂ ನಿಂತೆ.

ಆ ದಿನ ಮುಂಡಗೋಡದ ಸನವಳ್ಳಿಯಿಂದ ನನ್ನ ಹಳೆಯ ಗಿರಣಿಯ ಗೆಳೆಯನೊಬ್ಬ ಬಂದಿದ್ದ. ನನ್ನ ಜಾಣತನ ಅವನಿಗೆ ತೋರಿಸಬೇಕಿತ್ತು. ಸಹಿ ಹಾಕುವುದನ್ನು ಕಲಿಯುವಾಗ ಹುಡುಗಿ ನನಗಾಗಿ ಮಾಡಿಕೊಟ್ಟಿದ್ದ ಒಂದು ಅಕೌಂಟು ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಇತ್ತು. ಅದನ್ನು ಜೋಡಿಸಿ, ನೋಡು ಹೀಗೆ ಒತ್ತಿದರೆ ಹೀಗೆ ತೆರೆಯುತ್ತದೆ ಎಂದು ತೋರಿಸಿದೆ. ಅಷ್ಟರಲ್ಲಿ ವೈನಿ ಹೊಸ ಕೌದಿ ಹೊತ್ತುಕೊಂಡು ದಿಬ್ಬ ಹತ್ತಿ ಬಂದರು. ಅಣ್ಣನ ಹಳೆಯ ಅಂಗಿಗಳನ್ನೂ ತಮ್ಮ ಮದುವೆಯ ಸೀರೆಯ ಉಳಿದ ತುಂಡನ್ನೂ ಹಾಕಿ ಹೊಲಿದ ಕೌದಿ. ಹುಲ್ಲಿನ ಮೇಲೆ ಹಾಸಿದಾಗ ಗೆಳೆಯ ಬಗ್ಗಿ ಹೊಲಿಗೆ ನೋಡತೊಡಗಿದ. ಮೋಡ ಕಟ್ಟಿತ್ತು, ಹನಿ ಬೀಳಲು ಶುರುವಾಗಿತ್ತು. ಫೋಟೊ ತೆಗೆದೆ. ವಾಲೆಟ್ಟಿನಲ್ಲಿ ವೈನಿಯ ಹೆಸರು ಒತ್ತಿದೆ. ಜೋಡಣೆ ತೆಗೆಯಲಿಲ್ಲ. ಪುಟದ ಮೂಲೆ ನೋಡಲಿಲ್ಲ. ಸಹಿ ಒತ್ತಿಬಿಟ್ಟೆ.

“ಬಿತ್ತೇನೊ ಸಹಿ?”

“ಬಿತ್ತು ವೈನಿ. ಸುತ್ರಿ, ಮಳಿ ಬಂತು.”

ಗೆಳೆಯನನ್ನು ಬಸ್ಸಿಗೆ ಹತ್ತಿಸಿ ಬಂದು, ಸಂಜೆ ಮತ್ತೆ ದಿಬ್ಬಕ್ಕೆ ಹೋದಾಗ ಪುಟ ತೆರೆದು ನೋಡಿದೆ. ಕೌದಿಯ ಕೆಳಗೆ ಹೊಲಿದವರ ಜಾಗದಲ್ಲಿ ಬಿ, ಒಂದು, ಒಂಬತ್ತು, ಇ ಎಂದಿತ್ತು. ಅದು ನನ್ನ ಅಕೌಂಟು. ಸೂಜಿಗೆ ದಾರ ಹಾಕಲೂ ಬಾರದ ನಾನು ಆ ಕೌದಿ ಹೊಲಿದವನೆಂದು ಅಳಿಸಲಾಗದ ದಾಖಲೆಯಲ್ಲಿ ಸೇರಿಹೋಗಿತ್ತು. ದಿಬ್ಬದ ಮೇಲೇ ಕುಳಿತೆ. ಯಾರು ನೋಡುತ್ತಾರೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ.

ನೋಡಿದರು. ಕರಕುಶಲ ತರಬೇತಿ ನಡೆಸುವ ಸಂಸ್ಥೆಯೊಂದು ಹಳಿಯಾಳದಲ್ಲಿ ಕೌದಿ ಕಲಿಸುವ ವರ್ಗ ತೆರೆಯಲಿತ್ತು. ವೆಬ್‌ಸೈಟಿನ ಕೌದಿಗಳಲ್ಲಿ ಒಂದನ್ನು ಆರಿಸಿ, ಅದನ್ನು ಹೊಲಿದಾಕೆಯನ್ನೇ ಕಲಿಸುವಾಕೆಯಾಗಿ ತೆಗೆದುಕೊಳ್ಳುತ್ತೇವೆ ಎಂದಿತ್ತು. ಅವರು ಮೆಚ್ಚಿದ್ದು ಅದೇ ಕೌದಿಯನ್ನು. ಫೋಟೊದಲ್ಲಿದ್ದ ಸೀರೆಯ ತುಂಡಿನಿಂದಲೇ ಅದು ವೈನಿಯದೆಂದು ಓಣಿಗೆಲ್ಲ ಗೊತ್ತಾಯಿತು. ಹೆಂಗಸರು ‘ಟೀಚರ್ ಬಾಯಿ’ ಎಂದು ಕರೆಯತೊಡಗಿದರು. ವೈನಿ ನಾಚಿಕೊಂಡು ನನ್ನೊಬ್ಬನನ್ನೇ ಕರೆದು ಕೇಳಿದರು: “ತಮ್ಮಾ, ಅಲ್ಲಿ ಕಲಸಾವ್ರಿಗೆ ಕುರ್ಚಿ ಕೊಡ್ತಾರೇನು? ಕೌದಿ ನೆಲದ ಮ್ಯಾಲ ಹೊಲಿಯೂದು, ಖರೆ. ಆದ್ರ ನಡು ನಡುವ ಕುಂದ್ರಾಕ ಒಂದು ಕುರ್ಚಿ ಕೊಡ್ತಾರೋ ಇಲ್ಲೋ?” ಎಪ್ಪತ್ತು ದಾಟಿದ ಹೆಂಗಸು. ಹುಟ್ಟಿದಾಗಿನಿಂದ ಯಾರೂ ಅವರಿಗೆ ಕುರ್ಚಿ ಹಾಕಿರಲಿಲ್ಲ.

ಆಮೇಲೆ ನಾನು ದಿಬ್ಬದ ಮೇಲಿದ್ದಾಗ ಹುಡುಗಿಯ ಫೋನು ಬಂತು. ಗುರುವಾರ ಸಂಸ್ಥೆಯ ಇಬ್ಬರು ಪರಿಶೀಲನೆಗೆ ಬರುತ್ತಾರೆ, ದಾಖಲೆಯಲ್ಲಿರುವ ಅಕೌಂಟು ಬೇರೆ ಇದೆ, ಏನಾಯಿತು ನೋಡಿ ಎಂದಳು. ಸೋಮವಾರ ನಾನು ಬಸ್ಸು ಹತ್ತಿದೆ. ಅವಳೆದುರು ಕುಳಿತು ನಿಜ ಹೇಳಿಬಿಡಬೇಕೆಂದೇ ಹೊರಟಿದ್ದು. ದಾಂಡೇಲಿಯ ಬಸ್‌ಸ್ಟ್ಯಾಂಡಿನಲ್ಲಿ ಗಿರಣಿಯ ಹಳೆಯ ಇಬ್ಬರು ಸಿಕ್ಕರು. “ಏನ್ರೀ ಸ್ಟೋರ್ ಸಾಹೇಬ್ರ, ಈಗ ಕಂಪ್ಯೂಟರ್ ಸಾಹೇಬ್ರಾಗೀರಂತ!” ಎಂದು ಬೆನ್ನು ತಟ್ಟಿದರು. ಅಲ್ಲಿಂದ ಗಣೇಶಗುಡಿಯವರೆಗೆ ಟಿಕೀಟನ್ನು ಬೆರಳಲ್ಲಿ ಹೊಸೆಯುತ್ತಲೇ ಇದ್ದೆ. ಅದು ಮೆತ್ತಗಾಗಿ ಹರಿದುಹೋಯಿತು.

ಹುಡುಗಿ ಕಂಪ್ಯೂಟರು ತೆರೆದು ಕುಳಿತಿದ್ದಳು. “ಕಾಕಾ, ಎರಡ್ ದಿನ ಆತು, ಲೈಬ್ರರಿ ಎಲ್ಲಾ ತಪಾಸ ಮಾಡಿದೆ. ಅದರದು ತಪ್ಪಿಲ್ರಿ. ಜೋಡಿಸಿದ್ದ ಅಕೌಂಟಿಂದನ ಸಹಿ ಬಿದ್ದೈತಿ. ಒತ್ತೂ ಮುಂದ ನೋಡೂದ ಮರತ್ರೇನು? ಮರತಿದ್ರ ಹೇಳ್ರಿ. ಅಳಸಾಕ ಬರಂಗಿಲ್ಲ, ಆದ್ರ ತೆಳಗ ತಿದ್ದುಪಡಿ ಅಂತ ಒಂದು ಸಾಲು ಹಾಕಬಹುದು. ಹತ್ತು ನಿಮಿಷದ ಕೆಲಸ.”

ಹತ್ತು ನಿಮಿಷದ ಕೆಲಸ. ಆದರೆ ನನ್ನ ಕಿವಿಗೆ ಬಿದ್ದದ್ದು ಅಳಿಸಲು ಬರುವುದಿಲ್ಲ ಎಂಬುದೊಂದೇ. ತಪ್ಪೂ ಇರುತ್ತದೆ, ಅದರ ಕೆಳಗೆ ತಿದ್ದುಪಡಿಯೂ ಇರುತ್ತದೆ. ಮೂವತ್ತು ವರ್ಷ ತಪ್ಪದ ಕೈ ತಪ್ಪಿತೆಂದು ಯಾರು ಬೇಕಾದರೂ ಯಾವಾಗ ಬೇಕಾದರೂ ತೆಗೆದು ಓದಬಹುದು.

“ನಾ ನೋಡೇನಿ ತಂಗಿ,” ಎಂದೆ. “ವೈನಿ ಹಳೇ ಅಕೌಂಟ್ ತ್ರಾಸು ಕೊಡ್ತಿತ್ತು. ಅದಕ್ಕ ನನ್ನ ಕಲಿಯೂ ಅಕೌಂಟ್ ಅವರಿಗೆ ಬಿಟ್ಟುಕೊಟ್ಟೇನಿ. ಗುರ್ತು ಬದಲಿ ಮಾಡ್ರಿ ಅಂದಿದ್ದೆ. ಮರತಾರ.”

ಅವಳು ನನ್ನ ಮುಖ ನೋಡಿದಳು. “ಹಂಗಂದ್ರ ಸರಿ” ಎಂದಳು. ನನ್ನ ಮಾತು ಸರಿಯಾಗಿರಲಿಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತ್ತೇನೋ.

ಈಗ ಸುಳ್ಳಿಗೆ ತಕ್ಕಂತೆ ಕೌದಿಯನ್ನು ಬದಲಾಯಿಸಬೇಕಿತ್ತು. ಮರುದಿನ ಬೆಳಿಗ್ಗೆ ವೈನಿಯ ಮನೆಗೆ ಹೋದೆ. ನಮ್ಮ ಮನೆಯಿಂದ ನಲವತ್ತು ಹೆಜ್ಜೆ. ಅವರು ಅಂಗಳದಲ್ಲಿ ಭತ್ತ ಕೇರುತ್ತಿದ್ದರು. ನಾನು ಬಿ, ಒಂದು, ಒಂಬತ್ತು, ಇ ಎಂದು ಬರೆದ ಹೊಸ ಕಾರ್ಡು ಚಾಚಿದೆ.

“ವೈನಿ, ಆ ಕೌದಿ ಗುರ್ತು ತಪ್ಪು ಹೊಲದೀರಿ.”

ಮೊರ ಕೈಯಲ್ಲೇ ನಿಂತಿತು. “ನಾನ?”

“ಹೂಂ. ಫೋನಿನ್ಯಾಗ ಹಿಂಗೈತಿ ನೋಡ್ರಿ.”

ಅವರು ಒಳಗೆ ಹೋಗಿ ಹಳೆಯ ಕಾರ್ಡು ತಂದರು. ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದರು. “ಎಲ್ಲಾ ಕೌದಿಗೂ ಇದನ್ನ ಹಾಕೇನಿ. ಕುಡಗೋಲು, ಚಂದ್ರಾಮ, ಬಳಿ, ಕುರ್ಚಿ...”

“ಅವೆಲ್ಲಾ ಸರಿ. ಇದೊಂದಕ್ಕ ಬ್ಯಾರೆ. ನಿಮಗ ತಿಳಿಯಂಗಿಲ್ಲ ವೈನಿ, ಇದು ಕಂಪ್ಯೂಟರಿನ ಕೆಲಸ.”

ನಿಮಗೆ ತಿಳಿಯುವುದಿಲ್ಲ. ಅವರು ಹೊಲಿದ ಚೀಲದಲ್ಲಿ ಪುಸ್ತಕ ಹೊತ್ತು ಕಲಿತ ಅಕ್ಷರವನ್ನು ಅವರ ಮೇಲೆಯೇ ತಿರುಗಿಸಿದೆ. ಅವರು ವಾದ ಮಾಡಲಿಲ್ಲ. ಕೌದಿ ತಂದು ಮೂಲೆಯ ಹೂವನ್ನು ಮೊದಲು ಬಿಚ್ಚಿದರು, ಆಮೇಲೆ ಗುರುತಿಗೆ ಸೂಜಿಯ ಮೊನೆ ಹಾಕಿದರು.

“ಹಂಗಾರ ಕುರ್ಚಿ ತಗೀಬೇಕೇನು?” ಎಂದು ಒಮ್ಮೆ ತಲೆ ಎತ್ತಿ ಕೇಳಿದರು. ನಾನು ಹೂಂ ಎಂದೆ. “ಹಳೇ ಅರಿವಿ ಐತಿ ತಮ್ಮಾ. ಸೂಜಿ ತೂತು ಹೋಗಂಗಿಲ್ಲ.”

“ಹೂ ಮುಚ್ಚತೈತಿ, ಯಾರು ನೋಡ್ತಾರ?” ಎಂದೆ. ನಿಯಮ ಓದಿ ಹೇಳಿದ ಬಾಯಿಯಿಂದಲೇ ಅಂದೆ. ದಾರದ ಸಣ್ಣ ಸಣ್ಣ ತುಂಡುಗಳು ಅವರ ಸೀರೆಯ ಮೇಲೆ ಬೀಳುತ್ತಿದ್ದವು. ಪೂರ್ತಿ ಬಿಚ್ಚುವವರೆಗೆ ಅಲ್ಲಿ ನಿಲ್ಲಲಾಗದೆ ಎದ್ದು ಬಂದೆ.

ಗುರುವಾರ ಸಮುದಾಯ ಭವನದಲ್ಲಿ ಎಲ್ಲರೂ ಸೇರಿದ್ದರು. ವೈನಿ ಎಣ್ಣೆ ಹಚ್ಚಿ ತಲೆ ಬಾಚಿ, ಹೊಸ ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಬಂದು ಕುಳಿತರು. ಬಂದ ಇಬ್ಬರು ಹೆಂಗಸರಲ್ಲಿ ಹಿರಿಯರಾದ ಬಾಯಿಯವರು ಕೌದಿಯ ಮೇಲೆ ಕೈಯಾಡಿಸಿ, “ಎಂಥಾ ಹೊಲಗೀರಿ!” ಎಂದರು. ಆಮೇಲೆ ಮೂಲೆಯ ಹೂ ಎತ್ತಿದರು. ಕನ್ನಡಕ ಏರಿಸಿ ಬೆಳಕಿಗೆ ಹಿಡಿದರು.

“ಅಜ್ಜಿ, ಇಲ್ಲಿ ಮೊದಲ ಬ್ಯಾರೆ ಗುರ್ತು ಇತ್ತಲ್ರಿ? ತೂತು ಕಾಣಾಕತ್ತಾವ. ನಿಮಗ ಹೊಸಾ ಅಕೌಂಟ್ ಕೊಟ್ಟಾರ, ಅದಕ್ಕ ಬದಲಿ ಮಾಡೀರಿ ಅಂತ ನಮಗ ಹೇಳ್ಯಾರ. ಹೌದೇನ್ರಿ?”

ವೈನಿಗೆ ಹೊಸ ಅಕೌಂಟಿನ ಕಥೆಯೇ ಗೊತ್ತಿರಲಿಲ್ಲ. ಹುಡುಗಿಗೆ ನಾನು ಹೇಳಿದ ಸುಳ್ಳು ಬೇರೆ, ಅವರಿಗೆ ಹೇಳಿದ ಸುಳ್ಳು ಬೇರೆ. ಅವರು ನನ್ನ ಕಡೆ ನೋಡಿದರು. ಆ ಕ್ಷಣದಲ್ಲಿ ನಾನು ಬಾಯಿ ತೆರೆದಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಾನು ಫೋನು ನೋಡುತ್ತಿರುವವನಂತೆ ತಲೆ ತಗ್ಗಿಸಿದೆ. ಭವನದೊಳಗೆ ಸಿಗ್ನಲ್ಲೇ ಇರುವುದಿಲ್ಲ.

“ಹೊಸಾದು ಗಿಸಾದು ನನಗ ಗೊತ್ತಿಲ್ರಿ” ಎಂದರು ವೈನಿ. “ನಾನ ತಪ್ಪು ಹೊಲದಿದ್ದೆ. ಬಿಚ್ಚಿ ಮತ್ತ ಹಾಕೇನಿ.”

ಬಾಯಿಯವರು ಕೌದಿಯನ್ನು ಮೆಲ್ಲಗೆ ಮಡಚಿ ವೈನಿಯ ಮುಂದೆ ಇಟ್ಟರು. “ನಿಮ್ಮ ಕೈ ಮ್ಯಾಲ ಸಂಶಯ ಇಲ್ರಿ ಅಜ್ಜಿ. ಆದ್ರ ಗುರ್ತು ಬಿಚ್ಚಿದ ಕೌದಿ ನಾವು ತಗೊಂಡ್ರ ನಾಳೆ ಎಲ್ಲಾ ಊರಾವ್ರೂ ಕೇಳ್ತಾರ. ಇದು ನಿಮ್ಮ ನಿಯಮಾನ ಐತಿ.” ಹೌದು, ನಮ್ಮದೇ ನಿಯಮ. ಅವರು ಹೋದ ಮೇಲೆ ಹಿಂದಿನ ಸಾಲಿನಿಂದ ಯಾರೋ, “ಟೀಚರ್ ಬಾಯಿಗೆ ಅಕ್ಷರ ಕೈಕೊಟ್ಟೂವು” ಎಂದರು. ಕೆಲವರು ನಕ್ಕರು. ವೈನಿಯೂ ಸ್ವಲ್ಪ ನಕ್ಕರು. ಚಪ್ಪಲಿ ಹಾಕಿಕೊಳ್ಳದೆ ಕೈಯಲ್ಲಿ ಹಿಡಿದು ಮನೆಗೆ ನಡೆದರು. ಹಳಿಯಾಳದ ವರ್ಗಕ್ಕೆ ಮುಂಡಗೋಡದ ಕಡೆಯ ಹೆಂಗಸೊಬ್ಬಳು ಬಂದಳು. ಚೆನ್ನಾಗಿ ಕಲಿಸುತ್ತಾಳಂತೆ.

ಆಮೇಲಿನ ದಿನಗಳಲ್ಲಿ ನನಗೆ ಎಲ್ಲದಕ್ಕೂ ಹೆದರಿಕೆ. ಬಾಗಿಲು ತಟ್ಟಿದರೆ ಹೆದರಿಕೆ, ಸ್ಕೂಟಿಯ ಸದ್ದಾದರೆ ಹೆದರಿಕೆ. ದಿನಕ್ಕೆ ನಾಲ್ಕು ಸಲ ದಿಬ್ಬ ಹತ್ತಿ ಆ ಪುಟ ತೆರೆದು ನೋಡುತ್ತಿದ್ದೆ, ಅಕ್ಷರ ತಾನಾಗಿ ಬದಲಾಗುತ್ತದೆಯೇನೋ ಎಂಬಂತೆ. ಹೋದ ಮಳೆಗಾಲದಲ್ಲಿ ಹುಡುಗಿ ಬಂದಾಗ ತಡೆಯಲಾಗದೆ ಅವಳಿಗೆ ಎಲ್ಲ ಹೇಳಿಬಿಟ್ಟೆ. ಅವಳು ಬಯ್ಯಲಿಲ್ಲ. ಅದೇ ಇನ್ನೂ ಕಷ್ಟವಾಯಿತು. “ನನಗೂ ಸಂಶಯ ಇತ್ತು ಕಾಕಾ, ನಾನೂ ಒತ್ತಿ ಕೇಳಲಿಲ್ಲ” ಎಂದಳು. ಜೋಡಣೆ ತೆಗೆದು, ಮತ್ತೆ ಜೋಡಿಸಿ, ನಾಲ್ಕು ಅಕ್ಷರ ಮೂರು ಸಲ ನೋಡಿ, ನನ್ನ ಅಕೌಂಟಿನಿಂದಲೇ ತಿದ್ದುಪಡಿಗೆ ಸಹಿ ಹಾಕಿದೆ. ‘ಈ ಕೌದಿ ಹೊಲಿದದ್ದು ನಾನಲ್ಲ. ಹೊಲಿದವರು ಏಳು ಸಿ ಸೊನ್ನೆ ನಾಲ್ಕು. ಮೊದಲ ಗುರುತೇ ಸರಿಯಿತ್ತು. ತಪ್ಪು ನನ್ನದು.’ ಈಗ ಹುಡುಗಿ ಸಹಿಗೆ ಮುಂಚೆ ಪುಟದ ತುಂಬ ಹೊಲಿದಾಕೆಯ ಮುಖ ಕಾಣುವಂತೆ ಮಾಡಿದ್ದಾಳೆ. ಮುಖ ನೋಡದೆ ಒತ್ತಲು ಬರುವುದಿಲ್ಲ.

ಆ ಸಾಲನ್ನು ಈಗ ಯಾವ ದೇಶದವರು ಬೇಕಾದರೂ ಓದಬಹುದು. ಓದಲಾಗದವರು ನಲವತ್ತು ಹೆಜ್ಜೆ ಆಚೆ ಇದ್ದಾರೆ.

ಆ ಕೌದಿ ಅವರ ಮನೆಯ ಹಗ್ಗದ ಮೇಲೆ ಇದೆ. ಆ ಗುರುವಾರವೇ ಮೂಲೆಯ ಆ ಹೂ ಕಿತ್ತಿದ್ದರು, ಮತ್ತೆ ಕೂರಿಸಿಲ್ಲ. ಹೊಸ ಕೌದಿಗಳನ್ನು ಹೊಲಿಯುತ್ತಾರೆ. ಆದರೆ ಗುರುತು ಹಾಕಿದ ಮೇಲೆ ಪ್ರತಿ ಸಲವೂ ಕಾರ್ಡು ಹಿಡಿದುಕೊಂಡು ನನ್ನ ಹತ್ತಿರ ಬರುತ್ತಾರೆ. ಯಾರನ್ನೂ ಏನೂ ಕೇಳದಿದ್ದ ಹೆಂಗಸು ಈಗ ಒಂದೊಂದು ಅಕ್ಷರದ ಮೇಲೂ ಬೆರಳಿಟ್ಟು ಕೇಳುತ್ತಾರೆ. ನಿನ್ನೆಯೂ ಬಂದಿದ್ದರು.

“ನೋಡೊ ತಮ್ಮಾ. ನನಗ ನನ್ನ ಮ್ಯಾಲ ಭರೋಸ ಉಳದಿಲ್ಲ. ಕುರ್ಚಿ ಸರಿ ಕುಂತೈತೇನು?”

“ಸರಿ ಐತಿ ವೈನಿ” ಎಂದೆ. ಅಷ್ಟೇ ಹೇಳಿದೆ. ಅವರು ಕೌದಿ ಮಡಚಿಕೊಂಡು ಹೋದರು. ನಾನು ಬಾಗಿಲಲ್ಲಿ ನಿಂತು ಅವರ ಹೆಜ್ಜೆ ಎಣಿಸಿದೆ, ನಲವತ್ತು ಆಗುವವರೆಗೂ ಕರೆಯಲಿಲ್ಲ.

ಹುಡುಗಿಗೆ ತಪ್ಪಾಯಿತು ಎಂದಿದ್ದೇನೆ. ಹಳಿಯಾಳದ ಆ ಬಾಯಿಯವರಿಗೂ ಪತ್ರ ಬರೆದಿದ್ದೇನೆ. ಕೇಳದೆ ಉಳಿದಿರುವುದು ಒಬ್ಬರ ಕ್ಷಮೆ ಮಾತ್ರ. ಅವರು ನನ್ನ ಅಣ್ಣನ ಹೆಂಡತಿ, ನನ್ನ ವೈನಿ: ಏಳು, ಸಿ, ಸೊನ್ನೆ, ನಾಲ್ಕು.